ಚಿಗಟಕ್ಕೆಂದು ನಾಯಿಯ ಮೈಗೆ ಟೀ ಟ್ರೀ ಎಣ್ಣೆ ಹಚ್ಚುವ ಮುನ್ನ ಇದನ್ನು ಓದಿ

ಚಿಗಟಕ್ಕೆ ‘ನೈಸರ್ಗಿಕ ಮದ್ದು’ ಎಂದು ಅಪ್ಪಟ ಟೀ ಟ್ರೀ ಎಣ್ಣೆಯನ್ನು (ಆಸ್ಟ್ರೇಲಿಯಾದ ಒಂದು ಮರದ ಎಲೆಯಿಂದ ತೆಗೆದ ಎಣ್ಣೆ) ನಾಯಿಯ ಮೈಗೆ ಹಚ್ಚಬೇಡಿ. ಸೀಸೆಗಟ್ಟಲೆ ಬೇಕಿಲ್ಲ, ಅರ್ಧ ಚಮಚವೇ ಸಣ್ಣ ನಾಯಿಯನ್ನು ನೆಲಕ್ಕೆ ಕೆಡವಬಲ್ಲದು. ಹೇಗೆ ಎಂಬುದಕ್ಕೆ ಒಂದು ಪ್ರಕರಣ ನೋಡಿ.

ಐದು ಕಿಲೋ ತೂಕದ ಸಣ್ಣ ನಾಯಿ. ಬಾಲದ ಬುಡ, ತೊಡೆಯ ಸಂದು ಕೆರೆದು ಕೆರೆದು ಹಸಿಯಾಗಿತ್ತು. ರಾಸಾಯನಿಕ ಬೇಡವೆಂದು ಮನೆಯವರು ಟೀ ಟ್ರೀ ಎಣ್ಣೆಯನ್ನು ಕತ್ತಿನಿಂದ ಬಾಲದವರೆಗೆ ಹನಿಸಿ ಕೈಯಿಂದ ತಿಕ್ಕಿದರು. ಖರ್ಚಾದದ್ದು ಸುಮಾರು 3 ಮಿಲಿ. ಹತ್ತಾರು ಚಿಗಟಗಳು ಹೊರಗೆ ಜಿಗಿದವು, ಮದ್ದು ನಾಟಿತು ಅನ್ನಿಸಿತು. ನಾಲ್ಕು ಗಂಟೆಯಾಗುವಷ್ಟರಲ್ಲಿ ನಾಯಿ ಜೊಲ್ಲು ಸುರಿಸತೊಡಗಿತು. ಆಮೇಲೆ ಹಿಂಗಾಲು ತೂರಾಡಿತು, ಮೈ ನಡುಗಿತು, ಕರೆದರೂ ತಲೆ ಎತ್ತಲಿಲ್ಲ. ‘ಪಾಪ, ಕೆರೆತ ನಿಂತು ಹಾಯಾಗಿ ಮಲಗಿದೆ’ ಎಂದುಕೊಂಡು ಬೆಳಗಿನವರೆಗೆ ಕಾದರು. ಹಚ್ಚಿದ್ದಕ್ಕಿಂತ ದೊಡ್ಡ ತಪ್ಪು ಇದೇ. ಪಶುವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಎಣ್ಣೆ ತೊಳೆದು, ಡ್ರಿಪ್ ಹಾಕಿ, ಮೈ ಬೆಚ್ಚಗಿಟ್ಟು ಎರಡು ದಿನ ನೋಡಿಕೊಂಡ ಮೇಲೆ ನಾಯಿ ಎದ್ದು ನಿಂತಿತು. ಮೂರನೇ ವಾರಕ್ಕೆ ಚಿಗಟ ಮೊದಲಿನಷ್ಟೇ ಇತ್ತು.

ಇಂಥದ್ದು ಇದೊಂದೇ ಅಲ್ಲ. 2002ರಿಂದ 2012ರ ನಡುವೆ ಅಮೆರಿಕದ ಪ್ರಾಣಿ ವಿಷ ಸಹಾಯವಾಣಿಗೆ ಬಂದ 443 ನಾಯಿ–ಬೆಕ್ಕುಗಳ ಪ್ರಕರಣಗಳನ್ನು ಒಟ್ಟುಗೂಡಿಸಿದ ವರದಿ 2014ರಲ್ಲಿ ಪ್ರಕಟವಾಯಿತು. ಎಲ್ಲವೂ ಅಪ್ಪಟ ಟೀ ಟ್ರೀ ಎಣ್ಣೆಯದೇ. ಪ್ರಮಾಣ 0.1 ಮಿಲಿಯಿಂದ 85 ಮಿಲಿವರೆಗೆ. ಲಕ್ಷಣಗಳು 2ರಿಂದ 12 ಗಂಟೆಯೊಳಗೆ ಶುರುವಾಗಿ ಮೂರು ದಿನದವರೆಗೂ ಉಳಿಯಬಹುದು. ಎಣ್ಣೆಯಲ್ಲಿರುವ ಟರ್ಪೀನ್ ಎಂಬ ರಾಸಾಯನಿಕಗಳು ಕೊಬ್ಬಿನಲ್ಲಿ ಕರಗುವಂಥವು, ಚರ್ಮದ ಮೂಲಕ ಸಲೀಸಾಗಿ ಒಳಗಿಳಿಯುತ್ತವೆ. ಕೆರೆದು ಗಾಯವಾದ ಚರ್ಮದಲ್ಲಂತೂ ತಡೆಯೇ ಇರುವುದಿಲ್ಲ. ಸಾಲದ್ದಕ್ಕೆ ನಾಯಿ ಮೈ ನೆಕ್ಕುತ್ತದೆ. ಹೊರಗೆ ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ.

ಈಗಾಗಲೇ ಹಚ್ಚಿಬಿಟ್ಟಿದ್ದರೆ ಕಾಯಬೇಡಿ. ಪಾತ್ರೆ ತೊಳೆಯುವ ದ್ರವ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಿಂದ ವಾಸನೆ ಹೋಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಬರಿ ನೀರಿಗೆ ಎಣ್ಣೆ ಬಿಡುವುದಿಲ್ಲ. ಚೆನ್ನಾಗಿ ಒರೆಸಿ ಬೆಚ್ಚಗಿಡಿ, ನೆಕ್ಕಲು ಬಿಡಬೇಡಿ, ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಅನಾಹುತ. ಪಶುವೈದ್ಯರಲ್ಲಿಗೆ ಹೋಗುವಾಗ ಸೀಸೆಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಟೀ ಟ್ರೀ ಬಿಟ್ಟು ಬೇರೆ ಹಚ್ಚೋಣ ಎನ್ನುವವರಿಗೂ ಎರಡು ಮಾತು. ಪೆನ್ನಿರಾಯಲ್ ಎಂಬ ಪುದೀನ ಜಾತಿಯ ಎಣ್ಣೆ ಚಿಗಟಕ್ಕೆ ಹಳೆಯ ಮದ್ದು. ಅದನ್ನು ಮೈಗೆ ಹಚ್ಚಿಸಿಕೊಂಡ ನಾಯಿಯೊಂದು ಪಿತ್ತಜನಕಾಂಗ ಹಾಳಾಗಿ ಸತ್ತದ್ದು 1992ರ ಪಶುವೈದ್ಯ ಪತ್ರಿಕೆಯಲ್ಲಿ ದಾಖಲಾಗಿದೆ. ಕರ್ಪೂರ ಕರಗಿಸಿದ ಎಣ್ಣೆ ಹೆಚ್ಚಾದರೆ ಸೆಳವು ತರುತ್ತದೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೂ ಇಳಿಯುತ್ತದೆ. ಅದನ್ನು ನೈಸರ್ಗಿಕ ಎಂದವರು ಯಾರೋ! ವಿನೆಗರ್ ಚಿಗಟವನ್ನು ಕೊಲ್ಲುವುದಿಲ್ಲ, ಗಾಯದ ಮೇಲೆ ಮಾತ್ರ ಉರಿಯುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ರಕ್ತ ಚಿಗಟಕ್ಕೆ ರುಚಿಸುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಅದೇ ಬೆಳ್ಳುಳ್ಳಿಯ ಗಂಧಕ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕಿಲೋ ತೂಕಕ್ಕೆ 5 ಗ್ರಾಂನಷ್ಟು ಬೆಳ್ಳುಳ್ಳಿಯ ಸಾರವನ್ನು ಒಂದು ವಾರ ಕೊಟ್ಟಾಗ ಈ ಹಾನಿ ಕಂಡುಬಂದಿದೆ. ಯೀಸ್ಟ್ ಮಾತ್ರೆ, ಶಬ್ದ ಹೊರಡಿಸುವ ಕತ್ತಿನ ಪಟ್ಟಿ ಇವುಗಳಿಂದ ಅಪಾಯ ಕಡಿಮೆ, ಉಪಯೋಗ ಅದಕ್ಕಿಂತ ಕಡಿಮೆ.

ಇಷ್ಟೆಲ್ಲ ಎಣ್ಣೆ ಸುರಿದರೂ ಚಿಗಟ ಮರಳಿ ಬರುವುದೇಕೆ? ನಾಯಿಯ ಮೇಲೆ ಕಾಣುವುದು ಒಟ್ಟು ಸಂಸಾರದ 100ಕ್ಕೆ 5 ಪಾಲು ಮಾತ್ರ. ಮಿಕ್ಕದ್ದು ಮೊಟ್ಟೆ, ಮರಿಹುಳು, ಗೂಡುಗಳಾಗಿ ನೆಲದಲ್ಲಿ, ಹಾಸಿಗೆಯಲ್ಲಿ, ಸೋಫಾದ ಸಂದಿಯಲ್ಲಿರುತ್ತದೆ. ಹೆಣ್ಣು ಚಿಗಟ ರಕ್ತ ಹೀರಿ ಒಂದೆರಡು ದಿನಕ್ಕೆ ಮೊಟ್ಟೆಯಿಡತೊಡಗುತ್ತದೆ, ದಿನಕ್ಕೆ 40–50ರವರೆಗೂ. ಹೇನಿನ ಸೀರಿನಂತೆ ಈ ಮೊಟ್ಟೆ ಕೂದಲಿಗೆ ಅಂಟುವುದಿಲ್ಲ. ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತದೆ. ಮರಿಹುಳುಗಳಿಗೆ ಬೆಳಕು ಆಗದು, ಒಣಹವೆಯೂ ಆಗದು. ಕತ್ತಲ ಸಂದಿಗೆ ಹೊಕ್ಕು, ದೊಡ್ಡ ಚಿಗಟಗಳ ಹಿಕ್ಕೆಯಲ್ಲಿರುವ ಒಣರಕ್ತ ತಿಂದು ಬೆಳೆಯುತ್ತವೆ. ಆಮೇಲೆ ಸುತ್ತಿಕೊಳ್ಳುವ ಗೂಡಿನ ಅಂಟಿಗೆ ಧೂಳು, ದಾರದ ಎಳೆ ಮೆತ್ತಿಕೊಂಡು ಅದು ಕಸದಂತೆಯೇ ಕಾಣುತ್ತದೆ. ಎಣ್ಣೆ, ಸೋಪು, ಎಷ್ಟೋ ಕೀಟನಾಶಕಗಳು ಕೂಡ ಈ ಗೂಡಿನೊಳಗೆ ಹೋಗಲಾರವು. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹತ್ತಿರ ಯಾರೋ ನಡೆದ ಕಂಪನ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಹೊರಬಂದು ಜಿಗಿಯುತ್ತದೆ. ಬೀಗ ಹಾಕಿದ್ದ ಮನೆಗೆ ಮರಳಿದವರ ಕಾಲಿಗೆ ಒಮ್ಮೆಗೇ ಚಿಗಟ ಮುತ್ತುವುದು ಇದರಿಂದಲೇ.

ಹಾಗಾಗಿ ಎಣ್ಣೆಯಿಲ್ಲದೆ ಮಾಡಬಹುದಾದ ಕೆಲಸದ ಹೆಚ್ಚಿನ ಪಾಲು ಮನೆಯದು. ಮೊದಲು ಅದು ಚಿಗಟವೇ ಎಂದು ಖಚಿತಮಾಡಿಕೊಳ್ಳಿ. ಬಿಳಿ ಬಟ್ಟೆಯ ಮೇಲೆ ನಾಯಿಯನ್ನು ನಿಲ್ಲಿಸಿ ಬಾಲದ ಬುಡವನ್ನು ಬಾಚಿ. ಉದುರಿದ ಕರಿ ಪುಡಿಗೆ ಎರಡು ಹನಿ ನೀರು ಹಾಕಿದಾಗ ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಬಿಡದಿದ್ದರೆ ಬರಿ ಮಣ್ಣು.

ಬಾಚಲು ಹೇನು ತೆಗೆಯುವ ಸೀರಣಿಗೆ ಅಥವಾ ಅಷ್ಟೇ ಒತ್ತಾದ ಹಲ್ಲಿನ ಲೋಹದ ಬಾಚಣಿಗೆ ಬೇಕು. ಕತ್ತು, ಕಿವಿಯ ಹಿಂದೆ, ಬಾಲದ ಬುಡ, ಹೊಟ್ಟೆಯ ಕೆಳಗೆ ಚರ್ಮಕ್ಕೆ ತಾಗುವಂತೆ ಎಳೆಯಿರಿ. ಪ್ರತಿ ಎಳೆತಕ್ಕೂ ಬಾಚಣಿಗೆಯನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಿ. ಬರಿ ನೀರಾದರೆ ಚಿಗಟ ಮೇಲೆ ತೇಲಿ ಜಿಗಿದೀತು, ಸೋಪು ಬೆರೆತರೆ ಮುಳುಗುತ್ತದೆ. ಮೊದಲ ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ ಬಾಚಿದರೆ ಸಾಕು.

ಸ್ನಾನಕ್ಕೆ ನಾಯಿಯ ಶಾಂಪೂ ಒಳ್ಳೆಯದು. ಮೊದಲು ಕತ್ತಿನ ಸುತ್ತ ದಪ್ಪಗೆ ನೊರೆಯ ಪಟ್ಟಿ ಹಾಕಿ. ಇದನ್ನು ಬಿಟ್ಟು ಬೆನ್ನಿಗೆ ನೀರು ಸುರಿದರೆ ಚಿಗಟಗಳೆಲ್ಲ ಮುಖಕ್ಕೆ ಓಡಿ ಕಣ್ಣು, ಕಿವಿಗಳ ಬಳಿ ಸೇರಿಕೊಳ್ಳುತ್ತವೆ, ಅಲ್ಲಿಗೆ ಸೋಪು ಹಚ್ಚುವಂತಿಲ್ಲ. ನೊರೆಯನ್ನು 5ರಿಂದ 10 ನಿಮಿಷ ಬಿಟ್ಟು ತೊಳೆಯಿರಿ. ದಿನವೂ ಸ್ನಾನ ಮಾಡಿಸಿದರೆ ಚರ್ಮ ಒಣಗಿ ಕೆರೆತ ಹೆಚ್ಚುತ್ತದೆ, ಅದನ್ನೇ ಚಿಗಟವೆಂದುಕೊಂಡು ಮತ್ತೆ ಸ್ನಾನ ಮಾಡಿಸುವವರಿದ್ದಾರೆ. ಸ್ನಾನ ಮುಗಿದ ಮೇಲೆ ಮೈಯಲ್ಲಿ ಉಳಿಯುವಂಥದ್ದೇನೂ ಇಲ್ಲ ಎಂಬುದೂ ನೆನಪಿರಲಿ. ಸಂಜೆಗೇ ಹೊಸ ಚಿಗಟ ಹತ್ತಬಹುದು.

ಮಲಗುವ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆಯಿರಿ. ಒಯ್ಯುವಾಗ ನಾಲ್ಕೂ ಮೂಲೆ ಮಡಚಿ ಗಂಟು ಕಟ್ಟಿ. ಎಳೆದುಕೊಂಡು ಹೋದರೆ ದಾರಿಯುದ್ದಕ್ಕೂ ಮೊಟ್ಟೆ ಬಿತ್ತಿದಂತೆ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಮೊದಲ ಎರಡು ವಾರ ದಿನವೂ, ಆಮೇಲೆ ದಿನ ಬಿಟ್ಟು ದಿನ ಹಾಯಿಸಿ. ನಡುಕೋಣೆಗಿಂತ ಮಂಚದಡಿ, ಗೋಡೆಯಂಚು, ಸೋಫಾದ ದಿಂಬಿನ ಕೆಳಗೆ, ಕಾರಿನ ಸೀಟಿನ ಮೇಲೆ ಗಮನವಿರಲಿ. ಅದರ ಕಂಪನಕ್ಕೆ ಗೂಡಿನ ಚಿಗಟಗಳು ಹೊರಬರುತ್ತವೆ, ಹಾಗೆ ಹೊರಬರುವುದೇ ನಮಗೆ ಬೇಕಾದದ್ದು. ಚೀಲವನ್ನು ಕಟ್ಟಿ ಅಂದೇ ಹೊರಗೆ ಹಾಕಿ. ವ್ಯಾಕ್ಯೂಮ್ ಇಲ್ಲದಿದ್ದರೆ ಒರಟಾಗಿ ಗುಡಿಸಿ ಧೂಳೆಬ್ಬಿಸಬೇಡಿ. ಒದ್ದೆ ಬಟ್ಟೆಯಿಂದ ಸಂದಿ ಸಂದಿ ಒರೆಸಿ ಆ ಬಟ್ಟೆಯನ್ನು ಬಿಸಿ ಸೋಪಿನ ನೀರಿಗೆ ಹಾಕಿ.

ರಾತ್ರಿ ದೀಪದ ಕೆಳಗೆ ಸೋಪಿನ ನೀರಿನ ತಟ್ಟೆ ಇಡುವ ಉಪಾಯ ಚಿಗಟವನ್ನು ಮುಗಿಸುವುದಿಲ್ಲ. ಆದರೆ ಯಾವ ಕೋಣೆಯಲ್ಲಿ ಹೆಚ್ಚಿದೆ, ವಾರದಿಂದ ವಾರಕ್ಕೆ ಇಳಿಯುತ್ತಿದೆಯೇ ಎಂದು ಎಣಿಸಲು ಅದಕ್ಕಿಂತ ಅಗ್ಗದ ಸಾಧನವಿಲ್ಲ. ಡಯಾಟಮ್ ಮಣ್ಣಿನ (ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ) ಪುಡಿ ಒಣಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಚಿಗಟದ ಮೈಯ ಮೇಣದ ಪದರ ಕೆಡಿಸಿ ಅದನ್ನು ಒಣಗಿಸುತ್ತದೆ. ಒದ್ದೆಯಾದರೆ ನಿಷ್ಪ್ರಯೋಜಕ. ಈಜುಕೊಳದ ಸೋಸುಗಕ್ಕೆ ಬಳಸುವ ಪುಡಿಯನ್ನಂತೂ ತರಲೇಬೇಡಿ, ಅದರಲ್ಲಿರುವ ಹರಳಿನ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಆಹಾರ ದರ್ಜೆಯದನ್ನೂ ಮೂಗು ಮುಚ್ಚಿಕೊಂಡು ಬಿರುಕುಗಳಿಗೆ ತೆಳ್ಳಗೆ ಉದುರಿಸಿ, ಎರಡು ದಿನ ಬಿಟ್ಟು ತೆಗೆಯಿರಿ. ನಾಯಿಯ ಮೈಗೆ ಬೇಡ.

ಹೆಚ್ಚಿನವರು ಸೋಲುವುದು ಮೂರನೇ ವಾರದಲ್ಲಿ. ಎರಡು ವಾರ ಚೆನ್ನಾಗಿ ಮಾಡಿದ ಮೇಲೆ ಒಮ್ಮೆಲೇ ಚಿಗಟ ಹೆಚ್ಚಿದಂತೆ ಕಾಣುತ್ತದೆ. ಅವು ಹೊಸದಾಗಿ ಬಂದವಲ್ಲ, ಮೊದಲೇ ಇದ್ದ ಗೂಡುಗಳು ಈಗ ಒಡೆಯುತ್ತಿವೆ. ಬೇಸತ್ತು ಸೀಸೆಯ ಎಣ್ಣೆಗೆ ಕೈ ಹಾಕುವುದೂ ಈಗಲೇ. ಬಾಚುವುದು, ಒಗೆಯುವುದು, ವ್ಯಾಕ್ಯೂಮ್ ಮೂರನ್ನೂ ಬಿಡದೆ ಮೂರು ತಿಂಗಳು ನಡೆಸಬೇಕು. ಮನೆಯಲ್ಲಿ ಬೇರೆ ನಾಯಿ, ಬೆಕ್ಕುಗಳಿದ್ದರೆ ಅವನ್ನೂ ಅದೇ ದಿನ ಬಾಚಬೇಕು, ಒಂದನ್ನು ಬಿಟ್ಟರೂ ಮೊಟ್ಟೆ ನಿಲ್ಲುವುದಿಲ್ಲ.

ಇನ್ನು ಬಾಚಣಿಗೆಯನ್ನೇ ನೆಚ್ಚಿಕೊಳ್ಳಬಾರದ ಸಂದರ್ಭಗಳಿವೆ. ಮರಿಯ ವಸಡು ಬಿಳಚಿಕೊಂಡಿದ್ದರೆ ಚಿಗಟಗಳು ರಕ್ತ ಹೀರಿ ರಕ್ತಹೀನತೆ ಬಂದಿರಬಹುದು, ಅಂದೇ ಪಶುವೈದ್ಯರಿಗೆ ತೋರಿಸಿ. ಚಿಗಟದ ಜೊಲ್ಲಿಗೆ ಅಲರ್ಜಿಯಿರುವ ನಾಯಿಗೆ ಒಂದೆರಡು ಕಡಿತವೇ ಸಾಕು, ಅಂಥದಕ್ಕೆ ವೈದ್ಯರು ತೂಕ ನೋಡಿ ಕೊಡುವ ಮಾತ್ರೆ ಎಣ್ಣೆಗಿಂತ ಎಷ್ಟೋ ಸುರಕ್ಷಿತ. ಗುದದ ಸುತ್ತ ಅಕ್ಕಿಕಾಳಿನಂಥ ತುಣುಕು ಕಂಡರೆ ಚಿಗಟ ನುಂಗಿ ಲಾಡಿಹುಳು ಹತ್ತಿದೆ, ಜಂತುಹುಳದ ಔಷಧಿಯೂ ಬೇಕು. ಬೆಕ್ಕು ಇರುವ ಮನೆಯಾದರೆ ನಾಯಿಗೆಂದು ತಂದ ಔಷಧದ ಚೀಟಿಯಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕದ ಹೆಸರಿದೆಯೇ ನೋಡಿ. ಬೆಕ್ಕಿಗೆ ಅದು ಪ್ರಾಣಾಂತಿಕ, ಈಗಷ್ಟೇ ಹಚ್ಚಿದ ನಾಯಿಯ ಪಕ್ಕದಲ್ಲಿ ಮಲಗಿದರೂ ಸಾಕು.