ಎಣಿಕೆ, ಮಣೆ, ಉಸಿರು: ಆಸನಕ್ಕೆ ಚಂದ ಬರುವುದು ಯಾವುದರಿಂದ?

ಯೋಗ ಮಾಡುವವರು ಆಸನದಲ್ಲಿ ನಿಂತಾಗ ಹೆಚ್ಚಿನವರೂ ಚಂದವೇ ಕಾಣುತ್ತಾರೆ. ಒಂದು ಆಸನದಿಂದ ಇನ್ನೊಂದಕ್ಕೆ ಹೋಗುವಾಗ ನೋಡಬೇಕು. ಕಾಲು ಧಪ್ ಅಂತ ಬೀಳುತ್ತದೆ. ಒಬ್ಬರು ಅಂಗಿ ಎಳೆದುಕೊಳ್ಳುತ್ತಾರೆ, ಇನ್ನೊಬ್ಬರು ಪಕ್ಕದವರು ಎಲ್ಲಿದ್ದಾರೆ ಅಂತ ಕಣ್ಣು ಹಾಯಿಸುತ್ತಾರೆ. ಚಂದವೂ ಸಮಾಧಾನವೂ ಹುಟ್ಟುವುದು ಆ ನಡುವಿನ ಹೊತ್ತಿನಲ್ಲಿ ಅಂತ ನನ್ನ ಗಟ್ಟಿ ನಂಬಿಕೆ. ಮಂಗಳೂರಿನಲ್ಲಿ ನಾನು ಮೂರು ಬಗೆಯಲ್ಲಿ ಅಭ್ಯಾಸ ಮಾಡಿ ನೋಡಿದ್ದೇನೆ. ಮೂರನ್ನೂ ಎರಡೇ ಪ್ರಶ್ನೆಯಿಂದ ಅಳೆಯುತ್ತೇನೆ. ಕಾಲು ನೆಲಕ್ಕೆ ತಾಗುವಾಗ ಸದ್ದಾಗುತ್ತದಾ? ದವಡೆ ಬಿಗಿ ಇದೆಯಾ?

ಮೊದಲನೆಯದು ಎಣಿಕೆಯ ಕ್ಲಾಸು. ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಬೆಳಕು ಹರಿಯುವ ಮೊದಲೇ ದೇವಸ್ಥಾನದ ಸಭಾಭವನದಲ್ಲೋ ಶಾಲೆಯ ಹಾಲ್‌ನಲ್ಲೋ ಚಾಪೆ ಹಾಸಿ ಸಾಲಾಗಿ ನಿಲ್ಲುವುದು. ಶಿಕ್ಷಕರು ಏಕ, ದ್ವೇ, ತ್ರೀಣಿ ಅನ್ನುತ್ತಾರೆ, ಅಷ್ಟೂ ಕೈ ಒಟ್ಟಿಗೆ ಮೇಲೆ ಹೋಗುತ್ತವೆ. ಆ ನೋಟವೇ ಒಂದು ಹುರುಪು. ಸೂರ್ಯನಮಸ್ಕಾರದ ಕ್ರಮ ತಲೆಗೆ ಹತ್ತುವುದು ಹೀಗೆ ಮಾಡಿದಾಗಲೇ. ಮಳೆಗಾಲದ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲು ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ ಅನ್ನುವಷ್ಟು ದೊಡ್ಡ ಕಾರಣ ಬೇರೆ ಇಲ್ಲ.

ಆದರೆ ಎಣಿಕೆ ಎಲ್ಲರಿಗೂ ಒಂದೇ, ಉಸಿರು ಒಬ್ಬೊಬ್ಬರದು ಒಂದೊಂದು. ವಾಲಿಬಾಲ್ ಆಡುವ ಹುಡುಗನೂ ಮೊಣಕಾಲು ನೋವಿನ ಅಜ್ಜಿಯೂ ಒಂದೇ ‘ಪಂಚ’ಕ್ಕೆ ಕಾಲು ಹಿಂದೆ ಹಾಕಬೇಕು. ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಮುಂದಿನ ಸಂಖ್ಯೆ ಬಂದುಬಿಡುತ್ತದೆ. ಆಗ ಉಸಿರು ಕಟ್ಟುತ್ತದೆ, ದವಡೆ ಬಿಗಿಯುತ್ತದೆ. ಸದ್ದಂತೂ ಕೇಳುವುದೇ ಬೇಡ, ಅಷ್ಟು ಪಾದಗಳು ಒಟ್ಟಿಗೆ ನೆಲಕ್ಕೆ ಬೀಳುತ್ತವೆ. ಕಲಿಯಲು ಇದಕ್ಕೆ ಮೊದಲ ಸ್ಥಾನ ಕೊಡುತ್ತೇನೆ, ಸಮಾಧಾನಕ್ಕೆ ಕೊನೆಯ ಸ್ಥಾನ.

ಎರಡನೆಯದು ಆಧಾರ ಇಟ್ಟುಕೊಂಡು ನಿಧಾನವಾಗಿ ನಿಲ್ಲುವ ದಾರಿ. ಇದನ್ನು ಜಗತ್ತಿಗೆ ಪರಿಚಯಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದವರು. ಚಿಕ್ಕಂದಿನಲ್ಲಿ ಕಾಯಿಲೆಯಿಂದ ಸೊರಗಿದ್ದ ಅವರು, ಮೈ ಬಗ್ಗದವರೂ ಆಸನ ಮಾಡಬೇಕು ಅಂತ ಬೆಲ್ಟು, ಮರದ ತುಂಡು, ಕುರ್ಚಿ, ಹಗ್ಗ ಎಲ್ಲವನ್ನೂ ಬಳಕೆಗೆ ತಂದರು. ನಾನು ಇದಕ್ಕೆ ಏನನ್ನೂ ಕೊಂಡಿಲ್ಲ. ಅಡುಗೆಮನೆಯ ಮಣೆ, ಒಂದು ಬೈರಾಸು (ಟವೆಲ್), ಖಾಲಿ ಗೋಡೆ, ಇಷ್ಟೇ.

ಕಾಲು ಅಗಲಿಸಿ ಪಕ್ಕಕ್ಕೆ ಬಗ್ಗುವ ತ್ರಿಕೋನಾಸನದಲ್ಲಿ ಕೈಯನ್ನು ನೆಲಕ್ಕೇ ಮುಟ್ಟಿಸಬೇಕು ಅಂತ ಹಟ ಹಿಡಿದರೆ ಎದೆ ಮುಂದಕ್ಕೆ ಕುಸಿಯುತ್ತದೆ, ಕುತ್ತಿಗೆ ಸೆಟೆಯುತ್ತದೆ. ಮಣೆಯನ್ನು ಅಡ್ಡಕ್ಕೆ ನಿಲ್ಲಿಸಿ ಅದರ ಅಂಚಿನ ಮೇಲೆ ಬೆರಳು ಊರಿ ನೋಡಿ. ಎದೆ ತಾನಾಗಿ ತೆರೆಯುತ್ತದೆ. ಹಿಂದಿನ ಹಿಮ್ಮಡಿ ಗೋಡೆಗೆ ತಾಗಿದ್ದರೆ ಬೀಳುವ ಭಯವೂ ಇಲ್ಲ. ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿ ಅಂಗಾಲಿಗೆ ಬೈರಾಸು ಹಾಕಿ ಹಿಡಿದರೆ ಬೆನ್ನು ಗೂನಾಗುವುದಿಲ್ಲ. ಹಾಗೆಯೇ ಒಂದು ನಿಮಿಷ ಇರಬಹುದು, ದವಡೆ ಸಡಿಲ, ಕಣ್ಣು ತಣ್ಣಗೆ. ಮಳೆಗಾಲದಲ್ಲಿ ಗಂಟುಗಳು ಹಿಡಿದುಕೊಂಡಾಗ ನನಗೆ ಈ ದಾರಿಯೇ ಬೇಕು.

ಕೊರತೆ ಒಂದಿದೆ. ಒಂದು ಆಸನ ಮುಗಿದ ಮೇಲೆ ಮಣೆ ಸರಿಸಬೇಕು, ಬೈರಾಸು ಹುಡುಕಬೇಕು. ನಾನು ಮುಖ್ಯ ಅಂದ ಆ ನಡುವಿನ ಹೊತ್ತು ಪೂರ್ತಿ ಸಾಮಾನು ಎತ್ತಿಡುವುದರಲ್ಲೇ ಹೋಗುತ್ತದೆ.

ಮೂರನೆಯದು ಉಸಿರನ್ನೇ ಎಣಿಕೆ ಮಾಡಿಕೊಳ್ಳುವುದು. ಮೈಸೂರಿನಲ್ಲಿ ಕೆ. ಪಟ್ಟಾಭಿ ಜೋಯಿಸ್ (1915–2009) ಕಲಿಸಿದ ಅಷ್ಟಾಂಗ ಪದ್ಧತಿಯ ಜೀವಾಳವೇ ಇದು. ಅವರೂ ಅಯ್ಯಂಗಾರರೂ ಟಿ. ಕೃಷ್ಣಮಾಚಾರ್ಯರ ಶಿಷ್ಯರು. ಆಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಮಾಡುತ್ತಿದ್ದ 1930ರ ದಶಕದಿಂದ ಬಂದ ಎರಡು ಕವಲು ಇವು. ಜೋಯಿಸರ ಪದ್ಧತಿಯಲ್ಲೂ ಏಕಂ, ದ್ವೇ ಇದೆ. ಆದರೆ ಪ್ರತಿ ಸಂಖ್ಯೆಗೂ ಒಂದು ಉಸಿರು ಜೋಡಿಸಿದೆ, ಒಳಕ್ಕೆ ಇಲ್ಲವೇ ಹೊರಕ್ಕೆ. ಮೈಸೂರು ಶೈಲಿ ಅಂತ ಕರೆಯುವ ತರಗತಿಯಲ್ಲಂತೂ ಯಾರೂ ಎಣಿಸುವುದೇ ಇಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಉಸಿರಿಗೆ ಮಾಡುತ್ತಾ ಹೋಗುತ್ತಾರೆ, ಗುರುಗಳು ನಡುವೆ ಓಡಾಡಿ ಕೈಯಿಂದ ತಿದ್ದುತ್ತಾರೆ.

ಪೂರ್ತಿ ಸರಣಿ ಬಹಳ ಕಠಿಣ. ಹಿಂದಕ್ಕೆ ಹಾರುವುದು, ಚತುರಂಗ ದಂಡಾಸನದಲ್ಲಿ ಅಂಗೈ, ಕಾಲ್ಬೆರಳುಗಳ ಮೇಲಷ್ಟೇ ಮೈಯನ್ನು ತೇಲಿಸಿ ಹಿಡಿಯುವುದು ಎಲ್ಲರಿಗೂ ಆಗುವಂಥದ್ದಲ್ಲ. ಮಂಗಳೂರಿನ ಸೆಖೆಗೆ ಸ್ವಲ್ಪ ಹೊತ್ತಿನಲ್ಲೇ ಬೆವರಿ ರಬ್ಬರ್ ಮ್ಯಾಟ್ ಮೇಲೆ ಅಂಗೈ ಜಾರುತ್ತದೆ, ಮೇಲೊಂದು ಹತ್ತಿಯ ಜಮಖಾನ ಬೇಕೇ ಬೇಕು. ನಾನು ಹಾರುವುದನ್ನು ಬಿಟ್ಟು ಉಸಿರಿನ ನಿಯಮ ಒಂದನ್ನೇ ಉಳಿಸಿಕೊಂಡೆ.

ನಿಯಮ ಇದು. ಮೊದಲು ಉಸಿರು ಶುರುವಾಗಬೇಕು, ಆಮೇಲೆ ಕೈ ಏಳಬೇಕು. ನಿಲ್ಲುವಾಗ ಕೈ ಮೊದಲು, ಉಸಿರು ಆಮೇಲೆ. ಎರಡರ ನಡುವೆ ಒಂದು ಕೂದಲೆಳೆಯಷ್ಟೇ ಅಂತರ. ಅಷ್ಟಕ್ಕೇ ಚಲನೆಯ ತುದಿಗಳು ಮೆತ್ತಗಾಗುತ್ತವೆ, ಎಲ್ಲೂ ಜರ್ಕ್ ಇರುವುದಿಲ್ಲ. ಅಂಗೈ, ಪಾದ ನೆಲಕ್ಕೂರಿ ಸೊಂಟ ಮೇಲೆತ್ತಿದ ಪರ್ವತಾಸನದಿಂದ ಕಾಲನ್ನು ಅಂಗೈಗಳ ನಡುವೆ ತರುವ ಹೆಜ್ಜೆಯನ್ನೇ ನೋಡಿ. ಸೂರ್ಯನಮಸ್ಕಾರದಲ್ಲಿ ಎಲ್ಲರದ್ದೂ ಸದ್ದಾಗುವುದು ಅಲ್ಲೇ. ಕಣ್ಣು ಮೊದಲು ಎರಡು ಹೆಬ್ಬೆರಳುಗಳ ನಡುವೆ ನೆಡಬೇಕು. ಉಸಿರು ಬಿಡುತ್ತಾ ಹೊಟ್ಟೆ ಒಳಕ್ಕೆ, ಸೊಂಟ ಒಂದಿಷ್ಟು ಮೇಲಕ್ಕೆ. ಆಗ ಮೊಣಕಾಲಿಗೆ ಹಾದುಹೋಗಲು ಜಾಗವಾಗುತ್ತದೆ. ಮೊದಲು ಬೆರಳ ಬುಡ, ಆಮೇಲೆ ಹಿಮ್ಮಡಿ. ಒಂದೇ ಸಲಕ್ಕೆ ಬಾರದಿದ್ದರೆ ಎರಡು ಸಣ್ಣ ಹೆಜ್ಜೆಯಲ್ಲಿ ಬರಲಿ, ಚಂದಕ್ಕೇನೂ ಕಡಿಮೆಯಿಲ್ಲ. ಇದನ್ನು ನನಗೆ ತೋರಿಸಿದ್ದು ಪಕ್ಕದ ಚಾಪೆಯ ಹಿರಿಯರೊಬ್ಬರು. “ಸದ್ದಾಗದ ಹಾಗೆ ಇಡು ಮಗಾ, ಒಳಗೆ ಮಗು ಮಲಗಿದೆ ಅಂತ ತಿಳ್ಕೊ, ಆಯ್ತಾ” ಅಂದಿದ್ದರು. ಯಾವ ಪಾಠವೂ ನನಗೆ ಇಷ್ಟು ಚೆನ್ನಾಗಿ ಹಿಡಿಸಿಲ್ಲ.

ಸಮಾಧಾನಕ್ಕೂ ಕಾರಣವಿದೆ. ಉಸಿರು ಎಳೆದಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಎಳೆಯಲು ನಾಲ್ಕು ಎಣಿಸಿದರೆ ಬಿಡಲು ಆರು ಎಣಿಸಿ, ನಿಮಿಷಕ್ಕೆ ಹೆಚ್ಚುಕಮ್ಮಿ ಆರು ಉಸಿರು ಆಗುತ್ತದೆ. ಬಗ್ಗುವುದನ್ನೆಲ್ಲ ಆ ಉದ್ದದ ಉಸಿರಿಗೆ ಕೊಟ್ಟರೆ ಮೈ ಬೆವರಿದರೂ ಮನಸ್ಸು ಓಡುವುದಿಲ್ಲ. ನನ್ನ ಎರಡು ಪ್ರಶ್ನೆಗೂ ಸರಿಯಾದ ಉತ್ತರ ಸಿಕ್ಕಿದ್ದು ಇಲ್ಲಿ ಮಾತ್ರ.

ಜಾಗದ ಮಾತು ಬಂದಾಗ ಎಲ್ಲರೂ ಬೀಚ್ ಅನ್ನುತ್ತಾರೆ, ಅಲ್ವಾ? ತಣ್ಣೀರುಬಾವಿಯಲ್ಲಿ ಮಾಡಿ ನೋಡಿದೆ. ಕೂತು ಪ್ರಾಣಾಯಾಮಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಆಸನಕ್ಕೆ ಮಾತ್ರ ಬೇಡ. ಮರಳು ಸಮುದ್ರದ ಕಡೆ ಇಳಿಜಾರು, ಅಂಗೈ ಹೂತು ಮಣಿಕಟ್ಟು ನೋಯುತ್ತದೆ. ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನಕ್ಕೆ ದೂರದಲ್ಲಿ ಲಂಗರು ಹಾಕಿದ ಹಡಗಿನ ಮೇಲೆ ದೃಷ್ಟಿ ಇಡಬಹುದು, ಅದೊಂದು ಲಾಭ. ಮನೆಯ ಕಾವಿ ನೆಲದಲ್ಲಿ ಪಾದದ ಸದ್ದು ಸ್ಪಷ್ಟವಾಗಿ ಕೇಳುತ್ತದೆ, ನನಗೆ ಅದೇ ಬೇಕು. ಅದಕ್ಕೇ ಸಂಗೀತವನ್ನೂ ಹಾಕುವುದಿಲ್ಲ. ಕೊಳಲು ಎಷ್ಟೇ ಇಂಪಾಗಿದ್ದರೂ ನನ್ನ ಉಸಿರನ್ನು ಮುಚ್ಚಿಬಿಡುತ್ತದೆ.

ಈಗ ದಿನದ ಅಭ್ಯಾಸ ಉಸಿರಿನದು, ಮಣೆ ಗೋಡೆಯ ಬದಿಯಲ್ಲಿ ಕೈಗೆ ಸಿಗುವ ಹಾಗೆ ಇರುತ್ತದೆ. ಎಣಿಕೆಯ ಕ್ಲಾಸನ್ನೂ ಬಿಟ್ಟಿಲ್ಲ. ಆದಿತ್ಯವಾರ ಹೋಗಿ ಕೊನೆಯ ಸಾಲಿನಲ್ಲಿ ನಿಲ್ಲುತ್ತೇನೆ. ಅಲ್ಲಿ ಉಸಿರು ಮುಗಿಯುವವರೆಗೆ ಒಂದೆರಡು ಸಂಖ್ಯೆ ಬಿಟ್ಟುಕೊಟ್ಟರೂ ಯಾರಿಗೂ ತೊಂದರೆಯಿಲ್ಲ.