ಎರಡು ಬಾಟಲಿಯ ಸಿಓಟು ಕಿಟ್: ಸಾಮಾನು ಪರವಾಗಿಲ್ಲ, ಜೊತೆಗೆ ಬರುವ ಚೀಟಿ ನಂಬಬೇಡಿ

ಬೋರ್ ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ ಎಂಬುದು ಕಲಬುರಗಿಯ ಅಡುಗೆಮನೆಗಳಿಗೆ ಗೊತ್ತಿದ್ದದ್ದೇ. ಅಕ್ವೇರಿಯಂನಲ್ಲಿ ಗಿಡ ಬೆಳೆಸುವವರನ್ನೂ ಇದೇ ಗಡಸು ನೀರು ಕಾಡುತ್ತದೆ. ಗಿಡ ಚೆನ್ನಾಗಿ ಬೆಳೆಯಲೆಂದು ನೀರಿಗೆ ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್, ಬಿಡುತ್ತಾರೆ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ (ಅದರ ಅಳತೆಗೆ ಕೆಎಚ್ ಎನ್ನುತ್ತಾರೆ) ಆ ಸಿಓಟು ಅಳತೆಯನ್ನೇ ಏರುಪೇರು ಮಾಡುತ್ತದೆ. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಎರಡು ಬಾಟಲಿಯ ಕಿಟ್ ಗ್ಯಾಸನ್ನೇನೋ ಸರಿಯಾಗಿ ಕೊಡುತ್ತದೆ. ಎಷ್ಟು ಕೊಡಬೇಕೆಂದು ಹೇಳುವುದರಲ್ಲಿ ಮಾತ್ರ ಸೋಲುತ್ತದೆ. ಐದಕ್ಕೆ ಮೂರು ಅಂಕ.

ಡಬ್ಬಿಯಲ್ಲಿ ಇರುವುದಿಷ್ಟು: ಎರಡು ಕ್ಯಾಪ್, ಪ್ರೆಷರ್ ಗೇಜ್, ಗ್ಯಾಸ್ ಹರಿವನ್ನು ಹೆಚ್ಚುಕಡಿಮೆ ಮಾಡುವ ನೀಡಲ್ ವಾಲ್ವ್, ಗುಳ್ಳೆ ಎಣಿಸುವ ಬಬಲ್ ಕೌಂಟರ್, ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್, ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಸೆರಾಮಿಕ್ ಡಿಫ್ಯೂಸರ್, ಪೈಪು, ನೀರಿನಲ್ಲಿ ಸಿಓಟು ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಒಂದು ಡ್ರಾಪ್ ಚೆಕರ್. ಬಾಟಲಿ ನಮ್ಮದೇ ಆಗಬೇಕು. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಯನ್ನೇ ಬಳಸಿ. ಕುಡಿಯುವ ನೀರಿನ ಬಾಟಲಿ ತೆಳ್ಳಗಿದ್ದು ಒತ್ತಡ ತಾಳುವುದಿಲ್ಲ. ಗಾಜಿನ ಬಾಟಲಿಯ ಮಾತೇ ಬೇಡ, ಒಡೆದರೆ ಚೂರುಗಳು ಸಿಡಿಯುತ್ತವೆ. ಈಚಿನ ಕೆಲವು ಬಾಟಲಿಗಳ ಕುತ್ತಿಗೆ ಗಿಡ್ಡವಾಗಿರುತ್ತದೆ. ಕ್ಯಾಪ್ ಬಿಗಿಯಾಗಿ ಕೂತು ವಾಷರ್ ಒತ್ತಿಕೊಳ್ಳುತ್ತದೆಯೇ ಎಂದು ಮೊದಲೇ ನೋಡಿ.

ಕೆಲಸ ಮಾಡುವ ರೀತಿ ಸರಳ. ಒಂದರಲ್ಲಿ ಸಿಟ್ರಿಕ್ ಆಸಿಡ್ ನೀರು, ಇನ್ನೊಂದರಲ್ಲಿ ಅಡುಗೆ ಸೋಡಾ. ಆಸಿಡ್ ಬಾಟಲಿ ಒಮ್ಮೆ ಹಿಂಡಿದರೆ ಸ್ವಲ್ಪ ಆಸಿಡ್ ಸೋಡಾಕ್ಕೆ ಹೋಗಿ ಗ್ಯಾಸ್ ಏಳುತ್ತದೆ, ಒತ್ತಡ ಎರಡೂ ಕಡೆ ಸಮನಾಗುತ್ತದೆ. ಆಮೇಲೆ ಗ್ಯಾಸ್ ಖರ್ಚಾದ ಹಾಗೆ ಸೋಡಾ ಕಡೆಯ ಒತ್ತಡ ಇಳಿದು, ಬೇಕಾದಷ್ಟೇ ಆಸಿಡ್ ತಾನಾಗಿ ಬರುತ್ತದೆ. ವಾಲ್ವ್ ಮುಚ್ಚಿದರೆ ಉತ್ಪಾದನೆಯೂ ನಿಲ್ಲುತ್ತದೆ. ಸಕ್ಕರೆ-ಯೀಸ್ಟ್ ಬಾಟಲಿಗೆ ಇಲ್ಲದ ಗುಣ ಇದೇ. ಅದನ್ನು ಒಮ್ಮೆ ಶುರು ಮಾಡಿದರೆ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ.

ಚೀಟಿಯ ಮೊದಲ ತಪ್ಪು ಅಳತೆಯದು. 200 ಗ್ರಾಂ ಸೋಡಾಕ್ಕೆ 200 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಎನ್ನುತ್ತದೆ. ಅಷ್ಟು ಬೇಡ. 84 ಗ್ರಾಂ ಸೋಡಾಕ್ಕೆ ಒಣ ಸಿಟ್ರಿಕ್ ಆಸಿಡ್ 64 ಗ್ರಾಂ ಸಾಕು, ಹರಳಿನಲ್ಲೇ ನೀರಿರುವ ಬಗೆಯಾದರೆ 70. ಆದ್ದರಿಂದ 200 ಗ್ರಾಂ ಸೋಡಾಕ್ಕೆ 170 ಗ್ರಾಂ ಸಾಕು, ಮಿಕ್ಕದ್ದು ಮೋರಿಗೆ ಹೋಗುವ ದುಡ್ಡು. ಆಸಿಡ್ಡನ್ನು 500 ಮಿಲಿ ನೀರಿನಲ್ಲಿ ಪೂರ್ತಿ ಕರಗಿಸಿ, ಸೋಡಾಕ್ಕೆ 200 ಮಿಲಿ ನೀರು ಹಾಕಿ. ಸೋಡಾ ಪೂರ್ತಿ ಕರಗದಿದ್ದರೂ ಚಿಂತೆಯಿಲ್ಲ. ಇದರಿಂದ ಸುಮಾರು 105 ಗ್ರಾಂ ಗ್ಯಾಸ್ ಬರುತ್ತದೆ. ಕಿರಾಣಿಯಲ್ಲಿ ಕೇಳುವಾಗ ‘ತಿನ್ನುವ ಸೋಡಾ’ ಎಂದೇ ಕೇಳಿ. ಬಟ್ಟೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಇನ್ನೂ ಬೇರೆ.

ಎರಡನೆಯ ತಪ್ಪು ಮೀನಿನ ಜೀವಕ್ಕೇ ಬರುತ್ತದೆ. ಡ್ರಾಪ್ ಚೆಕರ್‌ಗೆ ಟ್ಯಾಂಕಿನ ನೀರನ್ನೇ ತುಂಬಿ ಬಣ್ಣದ ಹನಿ ಹಾಕಿ ಎಂದು ಚೀಟಿ ಹೇಳುತ್ತದೆ. ಆ ಹನಿ ಹಸಿರಾಗುವುದು ಪಿಎಚ್ 6.6ರ ಸುತ್ತ. ಕೆಎಚ್ 4 ಇರುವ ನೀರಿನಲ್ಲಿ ಹಸಿರು ಎಂದರೆ 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಸಿಓಟು, ಬೇಕಾದದ್ದು ಅಷ್ಟೇ. ಆದರೆ ನಿಮ್ಮ ಬೋರ್ ನೀರಿನ ಕೆಎಚ್ 15 ಇದ್ದರೆ ಅದೇ ಹಸಿರಿಗೆ 110 ಪಿಪಿಎಂ ದಾಟಿರಬೇಕು. ಬಣ್ಣ ಇನ್ನೂ ನೀಲಿಯಿದೆ ಎಂದು ವಾಲ್ವ್ ತಿರುಗಿಸುತ್ತಾ ಹೋದರೆ, ಚೆಕರ್ ಹಸಿರಾಗುವ ಮೊದಲೇ ಮೀನು ತೇಲುತ್ತವೆ.

ಇದಕ್ಕೆ ಮನೆಯಲ್ಲೇ ದಾರಿಯಿದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ (ಬ್ಯಾಟರಿ ಆಸಿಡ್ ಅಲ್ಲ, ನೋಡಿ ತನ್ನಿ). ಒಂದು ಲೀಟರಿಗೆ 1.2 ಗ್ರಾಂ ತಿನ್ನುವ ಸೋಡಾ ಕರಗಿಸಿದರೆ ಕೆಎಚ್ 40 ಆಗುತ್ತದೆ. ಅದರಲ್ಲಿ 10 ಮಿಲಿ ತೆಗೆದು 90 ಮಿಲಿ ಡಿಸ್ಟಿಲ್ಡ್ ವಾಟರಿಗೆ ಸೇರಿಸಿದರೆ ಕೆಎಚ್ 4. ಅಡುಗೆಮನೆಯ ತಕ್ಕಡಿ 1.2 ಗ್ರಾಂ ಹಿಡಿಯುವುದಿಲ್ಲ, ಬಂಗಾರ ತೂಗುವಂಥ ಪುಟ್ಟ ತಕ್ಕಡಿ ಬೇಕು. ಆರ್‌ಒ ನೀರು ಬೇಡ, ಅದರಲ್ಲೂ ಒಂದಿಷ್ಟು ಕೆಎಚ್ ಉಳಿದಿರುತ್ತದೆ. ಈ ದ್ರಾವಣವನ್ನು ಚೆಕರಿಗೆ ತುಂಬಿ ಹನಿ ಹಾಕಿ, ಡಿಫ್ಯೂಸರಿನಿಂದ ದೂರದ ಮೂಲೆಗೆ ಅಂಟಿಸಿ. ಚೆಕರಿನಲ್ಲಿ ನಡುವೆ ಗಾಳಿ ಇರುವುದರಿಂದ ಟ್ಯಾಂಕಿನ ನೀರು ಈ ದ್ರಾವಣಕ್ಕೆ ಬೆರೆಯುವುದಿಲ್ಲ, ಗ್ಯಾಸ್ ಮಾತ್ರ ದಾಟುತ್ತದೆ. ಹಾಗಾಗಿ ಟ್ಯಾಂಕಿನ ನೀರು ಯಾವುದೇ ಇರಲಿ, ಈಗ ನೀಲಿ ಎಂದರೆ ಕಡಿಮೆ, ಹಸಿರು ಸರಿ, ಹಳದಿ ಜಾಸ್ತಿ. ಬಣ್ಣ ಒಂದೆರಡು ತಾಸು ಹಿಂದಿನ ಸ್ಥಿತಿಯನ್ನು ತೋರಿಸುತ್ತದೆ ಎಂಬುದು ಮರೆಯಬಾರದು. ವಾಲ್ವ್ ಮುಟ್ಟಿದ ಐದು ನಿಮಿಷಕ್ಕೆ ಬಣ್ಣ ನೋಡಿ ಮತ್ತೆ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು.

54 ಲೀಟರಿನ ಎರಡಡಿ ಟ್ಯಾಂಕಿಗೆ ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ, ಮೂರು ನಾಲ್ಕು ದಿನಗಳಲ್ಲಿ ಸ್ವಲ್ಪಸ್ವಲ್ಪ ಏರಿಸಿ. ಲೈಟ್ ಹಾಕುವ ಎರಡು ತಾಸು ಮೊದಲು ಗ್ಯಾಸ್ ಬಿಡಿ, ಲೈಟ್ ಆರುವ ಒಂದು ತಾಸು ಮೊದಲು ಮುಚ್ಚಿ.

ಕಲ್ಲಿನ ಆಯ್ಕೆಯೂ ಇದಕ್ಕೆ ಸೇರಿದ್ದೇ. ಶಹಾಬಾದ್ ಫರಸಿಯ ತುಂಡು ಚೆಂದ ಕಾಣುತ್ತದೆ, ಪುಕ್ಕಟೆ ಸಿಗುತ್ತದೆ. ಆದರೆ ಅದು ಸುಣ್ಣದ ಕಲ್ಲು. ಸಿಓಟು ಕರಗಿ ಹುಳಿಯಾದ ನೀರು ಅದನ್ನು ನಿಧಾನಕ್ಕೆ ತಿನ್ನುತ್ತದೆ, ಕೆಎಚ್ ವಾರದಿಂದ ವಾರಕ್ಕೆ ಏರುತ್ತದೆ. ಉಳಿದ ಸಿಟ್ರಿಕ್ ಆಸಿಡ್ ನೀರನ್ನು ಒಂದು ಹನಿ ಕಲ್ಲಿನ ಮೇಲೆ ಬಿಟ್ಟು ನೋಡಿ. ನೊರೆ ಎದ್ದರೆ ಹೊರಗಿಡಿ. ಯಾದಗಿರಿ ಗುಡ್ಡದ ಗ್ರಾನೈಟಾಗಲಿ ಬೀದರಿನ ಜಂಬಿಟ್ಟಿಗೆ ಕಲ್ಲಾಗಲಿ ಹೀಗೆ ನೊರೆಯುವುದಿಲ್ಲ.

ಕಿಟ್ಟಿನ ದುರ್ಬಲ ಭಾಗ ನೀಡಲ್ ವಾಲ್ವ್. ಬಾಟಲಿಯ ಒತ್ತಡ ಬದಲಾದಂತೆ ಗುಳ್ಳೆ ಲೆಕ್ಕವೂ ಜಾರುತ್ತದೆ, ದಿನಕ್ಕೊಮ್ಮೆ ಎಣಿಸಲೇಬೇಕು. ಗೇಜು 1ರಿಂದ 2 ಕೆಜಿ (ಚದರ ಸೆಂಟಿಮೀಟರಿಗೆ) ನಡುವೆ ಇರಲಿ. ಮುಳ್ಳು ಇಳಿಯುತ್ತಿದ್ದು ಗುಳ್ಳೆ ಬರದಿದ್ದರೆ ಸೋರಿಕೆ. ಸೋಪಿನ ನೀರು ಹಚ್ಚಿದರೆ ಸಾಮಾನ್ಯವಾಗಿ ಕ್ಯಾಪಿನ ವಾಷರಿನಲ್ಲೇ ಸಿಕ್ಕಿಬೀಳುತ್ತದೆ. ಬಾಟಲಿ ಉರುಳಿದರೆ ಸೋಡಾ ನೀರು ಪೈಪಿಗೆ ನುಗ್ಗಿ ಟ್ಯಾಂಕು ಸೇರುತ್ತದೆ. ಎರಡನ್ನೂ ಸೇರಿಸಿ ಕಟ್ಟಿ, ಬಿಸಿಲು ಬೀಳದ ಕಡೆ ನೇರವಾಗಿ ನಿಲ್ಲಿಸಿ.

ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಈ ಕಿಟ್ಟಿನ ಮೇಲೆ ಕಣ್ಣಿಡಲೇಬೇಕು. ನೀರು 32 ಡಿಗ್ರಿ ಮುಟ್ಟಿದರೆ ಅದರಲ್ಲಿ ಆಮ್ಲಜನಕ ನಿಲ್ಲುವುದೇ ಕಡಿಮೆ, ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು. ಚಳಿಗಾಲದಲ್ಲಿ ಸರಿಯಿದ್ದ ಹಸಿರು ಮೇ ತಿಂಗಳಲ್ಲಿ ಮೀನಿಗೆ ಭಾರವಾಗಬಹುದು, ಚೆಕರ್ ನೀಲಿಮಿಶ್ರಿತ ಹಸಿರಿನಲ್ಲೇ ಇರಲಿ. ಮಧ್ಯಾಹ್ನ ಕರೆಂಟ್ ಹೋದರೆ ಫಿಲ್ಟರ್ ನಿಲ್ಲುತ್ತದೆ, ನೀರಿನ ಮೇಲ್ಮೈ ಅಲುಗಾಡುವುದಿಲ್ಲ, ಆದರೆ ಈ ಕಿಟ್ಟಿನಲ್ಲಿ ಸೋಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇಲ್ಲದ್ದರಿಂದ ಗ್ಯಾಸ್ ಬರುತ್ತಲೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಗ್ಯಾಸ್ ಬಿಡಬೇಡಿ, ಇಲ್ಲವೇ ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ ಸೋಲೆನಾಯ್ಡ್ ಬೇರೆ ಕೊಂಡು ಜೋಡಿಸಿ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಮೊದಲು ವಾಲ್ವ್ ಮುಚ್ಚಿ, ಏರ್ ಪಂಪ್ ಹಾಕಿ, ಮೂರನೇ ಒಂದು ಭಾಗ ನೀರು ಬದಲಿಸಿ. ಬ್ಯಾಟರಿಯ ಏರ್ ಪಂಪ್ ಒಂದು ಪಕ್ಕದಲ್ಲಿರಲಿ.

ರೊಟಾಲಾ, ಲುಡ್ವಿಜಿಯಾ, ನೆಲಕ್ಕೆ ಹರಡುವ ಪುಟ್ಟ ಗಿಡಗಳು ಬೇಕೆನ್ನುವವರು ಕೊಳ್ಳಬಹುದು, ಮೂರಡಿಗಿಂತ ದೊಡ್ಡ ಟ್ಯಾಂಕಿದ್ದರೆ ಸಿಲಿಂಡರೇ ಲೇಸು. ಅನುಬಿಯಾಸ್, ಜಾವಾ ಫರ್ನ್ ಮಾತ್ರ ಇಟ್ಟವರಿಗೆ ಈ ಕಿಟ್ ಬೇಡವೇ ಬೇಡ. ಆರ್ಡರ್ ಮಾಡುವವರು ಎರಡು ವಾಷರ್, ಒಂದು ಚೆಕ್ ವಾಲ್ವ್ ಹೆಚ್ಚಿಗೆ ತರಿಸಿಕೊಳ್ಳಿ. ಮೊದಲು ಕೈಕೊಡುವುದು ಅವೇ.