ಅಂಗಳಕ್ಕೆ ಯಾವ ಕ್ವಿನ್ಸ್? ಮೂರನ್ನೂ ಬೆಳೆಸಿ ನೋಡಿದ ಮೇಲೆ

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ಹತ್ತಿರ. ಕೆಂಪು ಜೇಡಿಮಣ್ಣು, ಬೇಸಿಗೆಯಲ್ಲಿ ಬೆವರು ಇಳಿಸುವ ಸೆಕೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಇಲ್ಲಿನ ನರ್ಸರಿಗಳಲ್ಲಿ ಕ್ವಿನ್ಸ್ ಅಂತ ಕೇಳಿದರೆ ಮೂರು ಬೇರೆ ಬೇರೆ ಗಿಡ ತೋರಿಸುತ್ತಾರೆ. ಮೂರೂ ಸೇಬಿನ ಬಳಗದವು. ಹಣ್ಣು ಹಳದಿ, ಘಮ ಜೋರು, ಹಸಿಯಾಗಿ ಕಚ್ಚಿದರೆ ಹುಳಿ, ಒಗರು. ಅಷ್ಟು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನುವಷ್ಟು ಬೇರೆ.

ಅಡುಗೆಗೆ ಅಂತ ನೋಡಿದರೆ ಸಾದಾ ಕ್ವಿನ್ಸ್‌ಗೆ ಎದುರಿಲ್ಲ. ಇರಾನ್, ಕಾಕಸಸ್ ಕಡೆಯ ಮರ. ನನ್ನದು ‘ಸ್ಮಿರ್ನಾ’ ತಳಿ. ಒಂದೇ ಮರ ಇದ್ದರೂ ಕಾಯಿ ಕಚ್ಚುತ್ತದೆ. ಹಣ್ಣಿನ ಮೇಲೆ ನವಿರಾದ ತುಪ್ಪಳ ಇರುತ್ತದೆ, ತೊಳೆಯುವಾಗ ಉಜ್ಜಿದರೆ ಹೋಗುತ್ತದೆ. ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಬಿಳಿ ತಿರುಳು ತಾನಾಗಿ ಕೆಂಪಾಗುತ್ತದೆ. ಪೆಕ್ಟಿನ್ ಜಾಸ್ತಿ ಇರುವುದರಿಂದ ಜಾಮ್ ಗಟ್ಟಿಯಾಗಲು ಬೇರೇನೂ ಬೇಡ. ಕಾಶ್ಮೀರದಲ್ಲಿ ಇದನ್ನು ಬದನೆಕಾಯಿ ಜೊತೆ ಬೇಯಿಸುತ್ತಾರೆ. ನಾನು ಅದೇ ಜೋಡಿಯನ್ನು ಎಣ್ಣೆಗಾಯಿ ಮಸಾಲೆಗೆ ಹಾಕಿದೆ, ಹುಣಸೆಹುಳಿ ಬೇಕಾಗಲಿಲ್ಲ. ಜೋಳದ ರೊಟ್ಟಿಗೆ ಸೊಗಸಾಗಿತ್ತು.

ಆದರೆ ಈ ಹವೆಯಲ್ಲಿ ಆ ಮರ ಉಳಿಸಿಕೊಳ್ಳುವುದೇ ಒಂದು ಕೆಲಸ. ಹೂ ಬಿಡುವ ಹೊತ್ತಿಗೆ ಬಿಸಿಲು ಮಳೆ ಒಟ್ಟಿಗೆ ಬಂದರೆ ಫೈರ್ ಬ್ಲೈಟ್ ಹಿಡಿಯುತ್ತದೆ. ಇದು ಬ್ಯಾಕ್ಟೀರಿಯಾ ರೋಗ, ಹೆಚ್ಚಾಗಿ ಹೂವಿನ ಮೂಲಕ ಒಳಗೆ ಹೋಗುತ್ತದೆ. ಚಿಗುರು ಸುಟ್ಟಂತೆ ಕಪ್ಪಾಗಿ, ತುದಿ ಬಾಗಿ ನಿಲ್ಲುತ್ತದೆ. ಕಂಡ ಕೂಡಲೇ ಒಂದಡಿ ಕೆಳಗೆ ಕತ್ತರಿಸಬೇಕು, ಒಂದೊಂದು ಕೊಂಬೆಗೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಸಾಲದ್ದಕ್ಕೆ ಸುತ್ತಮುತ್ತ ಇರುವ ರೆಡ್ ಸೀಡರ್ ಮರಗಳಿಂದ ತುಕ್ಕುರೋಗ ಬರುತ್ತದೆ. ಕಾಯಿಯ ಮೇಲೆ ಕಿತ್ತಳೆ ಬಣ್ಣದ ಪುಡಿ ಏಳುತ್ತದೆ. ಆ ಕಾಯಿ ತಿಪ್ಪೆಗೇ.

ಚೀನೀ ಕ್ವಿನ್ಸ್ ನೋಡಲು ನೆಟ್ಟ ಮರ, ನಿಜ ಹೇಳಬೇಕೆಂದರೆ. ನಮ್ಮ ಸೀಬೆ ಮರದ ಹಾಗೆ ಇದರ ತೊಗಟೆ ಚಕ್ಕೆಚಕ್ಕೆಯಾಗಿ ಸುಲಿಯುತ್ತದೆ. ಒಳಗೆ ಹಸಿರು, ಬೂದು, ಕಂದು, ಕಿತ್ತಳೆ ಮಚ್ಚೆಗಳು. ವಸಂತದಲ್ಲಿ ತಿಳಿಗುಲಾಬಿ ಹೂ, ಶರತ್ಕಾಲದಲ್ಲಿ ಎಲೆ ಕೆಂಪು. ಹಣ್ಣು ದೊಡ್ಡದು, ಉದ್ದ ಐದಾರು ಇಂಚು, ಮೈಯೆಲ್ಲ ನುಣುಪು, ಮೇಣ ಸವರಿದಂಥ ಅಂಟು. ಘಮದಲ್ಲಿ ಮೂರರಲ್ಲಿ ಇದೇ ಮುಂದು ಅಂತ ನನ್ನ ಮೂಗು ಹೇಳುತ್ತದೆ. ಹಜಾರದಲ್ಲಿ ಒಂದು ಇಟ್ಟರೆ ವಾರಗಟ್ಟಲೆ ಮನೆಯೆಲ್ಲ ಪರಿಮಳ. ಕೊರಿಯಾದವರು ಇದನ್ನು ಕಾರಿನಲ್ಲೇ ಇಟ್ಟುಕೊಳ್ಳುತ್ತಾರೆ, ಬುದ್ಧಿವಂತರು!

ಹೆಚ್ಚುವುದು ಮಾತ್ರ ಕಷ್ಟ. ಈಳಿಗೆಮಣೆಗೆ ಜಗ್ಗುವುದಿಲ್ಲ, ಭಾರದ ಚಾಕು ಬೇಕು. ತಿರುಳು ಬೆಂದರೂ ಮರಳುಮರಳು, ಹಾಗಾಗಿ ಹೋಳು ತಿನ್ನುವ ಆಸೆ ಬಿಡಿ. ಕೊರಿಯನ್ನರ ಮೊಗ್ವಾ ಚಹಾದ ದಾರಿಯೇ ಸರಿ. ತೆಳ್ಳಗೆ ಹೆಚ್ಚಿ, ಅಷ್ಟೇ ತೂಕದ ಸಕ್ಕರೆ ಅಥವಾ ಜೇನಿನಲ್ಲಿ ಗಾಜಿನ ಭರಣಿಗೆ ತುಂಬಿ, ರಸ ಬಿಟ್ಟ ಮೇಲೆ ಬಿಸಿನೀರಿಗೆ ಬೆರೆಸಿ ಕುಡಿಯುವುದು. ಜಪಾನಿನಲ್ಲೂ ಇದನ್ನು ಕಾರಿನ್ ಅಂತ ಗಂಟಲಿನ ಮಿಠಾಯಿಗೆ ಬಳಸುತ್ತಾರೆ. ಈ ಮರಕ್ಕೆ ಫೈರ್ ಬ್ಲೈಟ್ ಬರುವುದೇ ಇಲ್ಲ ಅಂತಲ್ಲ. ನಮ್ಮಲ್ಲಿ ಕತ್ತರಿ ಹಿಡಿಯುವಷ್ಟು ಬಂದಿಲ್ಲ, ಅಷ್ಟೇ. ಒಂದು ಮಾತು, ಕಾರು ನಿಲ್ಲಿಸುವ ಜಾಗದ ಮೇಲೆ ಕೊಂಬೆ ಬಾರದಂತೆ ನೆಡಿ. ಅಷ್ಟು ಗಟ್ಟಿ ಹಣ್ಣು ಮೇಲಿನಿಂದ ಬಿದ್ದರೆ ತಗಡು ನೆಗ್ಗುತ್ತದೆ.

ಮೂರನೆಯದು ಜಪಾನಿ ಕ್ವಿನ್ಸ್, ಮರವಲ್ಲ, ಮುಳ್ಳಿನ ಪೊದೆ. ಫೆಬ್ರವರಿಯಲ್ಲಿ ಎಲೆ ಬರುವ ಮೊದಲೇ ಕೆಂಪು ಹೂ. ಬೇಲಿಗೆ ಚೆನ್ನ. ಹಣ್ಣು ಚಿಕ್ಕದು, ವಿಪರೀತ ಹುಳಿ. ರಸವನ್ನು ನಿಂಬೆ ಬದಲು ಚಿತ್ರಾನ್ನಕ್ಕೆ ಹಿಂಡಿದೆ, ಯಾರಿಗೂ ಗೊತ್ತಾಗಲಿಲ್ಲ. ಕಾಯಿ ಬೇಕಿದ್ದರೆ ಎರಡು ತಳಿ ಹತ್ತಿರ ಹತ್ತಿರ ನೆಡಬೇಕು. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿಯವರು ಬೆಳೆಸಿದ ‘ಡಬಲ್ ಟೇಕ್’ ತಳಿಗಳಿಗೆ ಮುಳ್ಳಿಲ್ಲ, ಹೂವಂತೂ ಭರ್ಜರಿ, ಆದರೆ ಹಣ್ಣೂ ಇಲ್ಲ. ಚೀಟಿ ಓದಿ ಕೊಳ್ಳಿ.

ಒಂದೇ ಮರಕ್ಕೆ ಜಾಗ ಇದ್ದರೆ, ನಮ್ಮಂಥ ಸೆಕೆ ಊರಿನಲ್ಲಿ ನನ್ನ ಮತ ಚೀನೀ ಕ್ವಿನ್ಸ್‌ಗೆ. ಅಡುಗೆಯ ಹಣ್ಣು ಅಕ್ಟೋಬರ್‌ನಲ್ಲಿ ಇರಾನಿ ಅಂಗಡಿಯಲ್ಲಿ ಹೇಗೂ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಒಣ ಹವೆಯಲ್ಲಿ ಇರುವವರು ನನ್ನ ಮಾತು ಕೇಳಬೇಡಿ, ಕಣ್ಣು ಮುಚ್ಚಿ ಸ್ಮಿರ್ನಾ ನೆಡಿ. ನನ್ನ ಸ್ಮಿರ್ನಾ ಇನ್ನೂ ನಿಂತಿದೆ. ಮುಂದಿನ ವಸಂತದಲ್ಲಿ ರೋಗ ಕಾಂಡಕ್ಕೆ ಇಳಿದರೆ ತೆಗೆಸಿ, ಆ ಜಾಗಕ್ಕೆ ಇನ್ನೊಂದು ಚೀನೀ ಸಸಿ ತರುತ್ತೇನೆ.